ಗೋಲಿನ ಹಿಂದಿನ ದನಿ

ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಎಲ್ಲರೂ ಅವನನ್ನು ಸಿಗ್ನಲಪ್ಪ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಅವನ ಉದ್ಯೋಗವೇ ಸಿಗ್ನಲ್ ಕೊಡುವುದು. ನಾಲ್ಕು ಮಹಡಿಯಷ್ಟು ಎತ್ತರದಲ್ಲಿ, ಗಾಜಿನ ಗೂಡಿನೊಳಗೆ ಕ್ರೇನಿನವನು ಕೂತಿರುತ್ತಾನೆ. ಅವನು ಇಳಿಸುವ ಕಬ್ಬಿಣದ ಹಲಗೆ ಹಡಗಿನ ಹೊಟ್ಟೆಯೊಳಗೆ ಎಲ್ಲಿ ಹೋಗಿ ಕೂರುತ್ತದೆ ಎಂದು ಅವನಿಗೆ ಕಾಣುವುದಿಲ್ಲ. ಕಂಡರೂ ಅರ್ಧಂಬರ್ಧ. ಅವನ ಕಣ್ಣೆಲ್ಲ ಕೆಳಗೆ ನಿಂತ ಸಿಗ್ನಲಪ್ಪನೇ. ಕೈಸನ್ನೆ ಕಂಡರೆ ಕೈಸನ್ನೆ, ಕಾಣದಿದ್ದರೆ ಕೂಗು. ಯಾರ್ಡಿನ ಕಾನೂನು ಒಂದೇ: ಕೆಳಗಿನವನು ಹೇಳದೆ ಮೇಲಿನವನು ಅಲ್ಲಾಡಬಾರದು. ತನ್ನ ಕಣ್ಣಿಗೆ ಚೆನ್ನಾಗಿ ಕಂಡಿದ್ದರೂ ಸರಿಯೇ, ಕಾಯಬೇಕು. ಕಾಯದೆ ಇಳಿಸಿದ ಒಬ್ಬನಿಂದ ಇನ್ನೊಬ್ಬನ ಕಾಲು ಹೋದದ್ದನ್ನು ಸಿಗ್ನಲಪ್ಪ ಕಣ್ಣಾರೆ ನೋಡಿದ್ದ. ಅಂದಿನಿಂದ ಆ ಕಾನೂನು ಅವನ ರಕ್ತದಲ್ಲಿ ಬೆರೆತುಹೋಗಿತ್ತು.

ಇಂಥದ್ದನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಒಳಗೆ ಬರಲಿಕ್ಕಾಗುತ್ತದೆಯೇ? ಅದು ಹಿಂದೆಯೇ ಮನೆಗೆ ಬಂತು. ಮನೆಯಿಂದ ಆಟದ ಮೈದಾನಕ್ಕೂ ಹೋಯಿತು.

ಅವನಿಗೆ ಒಬ್ಬಳೇ ಮಗಳು, ಹಾಕಿಯ ಗೋಲ್‌ಕೀಪರ್. ಚಿಕ್ಕವಳಿದ್ದಾಗ ಅವಳಷ್ಟು ಚಡಪಡಿಸುವ ಕೀಪರ್ ಇನ್ನೊಬ್ಬಳಿರಲಿಲ್ಲ. ಎದುರಿನವಳು ಸ್ಟಿಕ್ ಅಲ್ಲಾಡಿಸಿದರೆ ಸಾಕು, ಬಾಲು ಬರುವ ಮೊದಲೇ ಈಕೆ ನೆಲಕ್ಕೆ ಬಿದ್ದಿರುತ್ತಿದ್ದಳು. ಬಾಲು ಆರಾಮಾಗಿ ಇನ್ನೊಂದು ಕಡೆಯಿಂದ ಒಳಗೆ ಹೋಗುತ್ತಿತ್ತು. ಕ್ಲಬ್ಬಿನ ಕೋಚ್, ಎಲ್ಲರೂ ಮಾಸ್ತರು ಅನ್ನುವವರು, ಇವಳನ್ನು ಫಾರ್ವರ್ಡ್ ಮಾಡಿಬಿಡೋಣ ಅಂದಿದ್ದರು. ಆಗ ಸಿಗ್ನಲಪ್ಪ ಒಂದು ಖಾಲಿ ಬಣ್ಣದ ಡಬ್ಬ ತಂದು ಗೋಲಿನ ಬಲೆಯ ಹಿಂದೆ ಬೋರಲು ಹಾಕಿ ಅದರ ಮೇಲೆ ಕೂತ. ಮಗಳಿಗೆ ಒಂದೇ ಮಾತು ಹೇಳಿದ: ನಾನು ಹೇಳೋವರೆಗೂ ಅಲ್ಲಾಡಬೇಡ.

ಅಷ್ಟೇ ನೋಡಿ. ಹೊಡೆಯುವವಳ ಭುಜ ತಿರುಗಿದ್ದನ್ನು ನೋಡಿ ಅವನು ಹಿಂದಿನಿಂದ ಎಡ ಅನ್ನುವುದು, ಬಲ ಅನ್ನುವುದು, ನಿಲ್ಲು ಅನ್ನುವುದು. ದೊಡ್ಡ ಗಂಟಲೇನೂ ಬೇಕಿರಲಿಲ್ಲ, ಅವಳಿಗೆ ಕೇಳಿಸಿದರೆ ಆಯಿತು. ಕ್ರಮೇಣ ಯಾರ ಆಟಕ್ಕೂ ಮೋಸಹೋಗದ ಕೀಪರ್ ಎಂದು ಹುಡುಗಿ ಹೆಸರು ಮಾಡಿದಳು. ಗೋಡೆ ಎಂಬ ಅಡ್ಡಹೆಸರು ಬಂತು. ಅಂಪೈರುಗಳು ಒಂದೆರಡು ಸಲ ಸಿಗ್ನಲಪ್ಪನನ್ನು ಗದರಿ ಎಬ್ಬಿಸಿದರು. ಮಣ್ಣಿನ ಮೈದಾನ, ಸಣ್ಣ ಊರಿನ ಪಂದ್ಯ, ಹೋಗಲಿ ಬಿಡು ಎಂದು ಆಮೇಲೆ ಸುಮ್ಮನಾದರು. ಯಾರ್ಡಿನ ಪಾಳಿ ಮುಗಿದ ಮೇಲೆ ಆ ಡಬ್ಬದ ಮೇಲೆ ಕೂರುವ ಹೊತ್ತಿಗಾಗಿಯೇ ಅವನು ಬದುಕಿದ್ದ ಅಂದರೂ ತಪ್ಪಿಲ್ಲ. ಹೆಂಡತಿ, ಟೈಲರ್ ಕೆಲಸದವಳು, ನಿಮ್ಮ ಹಾಸಿಗೆಯನ್ನೂ ಅಲ್ಲೇ ಹಾಸಿಕೊಡಲಾ ಎಂದು ಕೇಳುತ್ತಿದ್ದಳು.

ಹುಡುಗಿಗೆ ಹದಿನೇಳು ತುಂಬಿದ ವರ್ಷ ದೊಡ್ಡ ಊರಿನಲ್ಲಿ ಆಯ್ಕೆಯ ಪಂದ್ಯ ಇಟ್ಟರು. ನೀಲಿ ಟರ್ಫು, ಸುತ್ತ ತಂತಿಬೇಲಿ. ಗೋಲಿನ ಹಿಂದೆ ನರಪಿಳ್ಳೆಯನ್ನೂ ಬಿಡುತ್ತಿರಲಿಲ್ಲ. ಸಿಗ್ನಲಪ್ಪನನ್ನು ಎಲ್ಲ ತಂದೆತಾಯಂದಿರ ಜೊತೆ ದೂರದ ಗ್ಯಾಲರಿಗೆ ಅಟ್ಟಿದರು. ಮಗಳು ಮೂರು ಗೋಲು ಬಿಟ್ಟಳು. ತಡೆದದ್ದು ಅದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ನೋಡಿದವರೆಲ್ಲ ಭೇಷ್ ಅಂದರು. ಟರ್ಫಿನ ಮೇಲೆ ಬಾಲು ಬೇಗ ಬರುತ್ತದೆ, ಹೊಸಬಳಲ್ಲವೇ, ಸ್ವಲ್ಪ ತಡವಾಯಿತು, ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಮಾಸ್ತರೂ ಸಮಾಧಾನ ಹೇಳಿದರು.

ಸಿಗ್ನಲಪ್ಪನಿಗೆ ಸಮಾಧಾನವಾಗಲಿಲ್ಲ. ಅವನು ಕಂಡದ್ದೇ ಬೇರೆ. ಪ್ರತಿ ಸಲ ಎದುರಿನವಳು ಹೊಡೆಯಲು ಸ್ಟಿಕ್ ಎತ್ತಿದಾಗ ಮಗಳ ಹೆಲ್ಮೆಟ್ಟು ಇಷ್ಟೇ ಇಷ್ಟು ಬಲಕ್ಕೆ ವಾಲುತ್ತಿತ್ತು. ಗ್ಯಾಲರಿಯಲ್ಲಿ ಕೂತ ಬೇರೆ ಯಾರಿಗೂ ಅದು ಗೊತ್ತಾಗುವ ಹಾಗಿರಲಿಲ್ಲ. ಅವನಿಗೆ ಮಾತ್ರ ಅದರ ಗುರುತು ಸಿಕ್ಕಿತು. ಗಾಜಿನ ಗೂಡಿನಲ್ಲಿ ಕೂತ ಕ್ರೇನಿನವನು ಕೆಳಗಿನ ಕೂಗಿಗೆ ಕಿವಿಗೊಡುವಾಗ ತಲೆ ವಾಲಿಸುವುದನ್ನು ಅವನು ದಿನಬೆಳಗಾದರೆ ನೋಡುತ್ತಿದ್ದ. ಅದೇ ವಾಲು. ಮಗಳು ಬಾಲಿಗೆ ಕಾಯುತ್ತಿರಲಿಲ್ಲ, ಅಪ್ಪನ ದನಿಗೆ ಕಾಯುತ್ತಿದ್ದಳು. ದನಿ ಬರದೆ ಹೋದಾಗ ತಾನೇ ನಿರ್ಧಾರ ಮಾಡಿ ಹೊರಡುವಷ್ಟರಲ್ಲಿ ರೆಪ್ಪೆ ಬಡಿಯುವಷ್ಟು ತಡವಾಗುತ್ತಿತ್ತು. ಹಾಕಿಯಲ್ಲಿ ಅಷ್ಟು ಸಾಕು, ಬಲೆ ಅಲುಗಾಡಿಬಿಡುತ್ತದೆ.

ಪಂದ್ಯ ಮುಗಿದ ಮೇಲೆ ಮೂರು ಕಡೆಯವರು ಬಂದು ಮಾತಾಡಿಸಿದರು. ಮೊದಲನೆಯವರು ಅಕಾಡೆಮಿಯವರು. ಹಾಸ್ಟೆಲ್, ಒಳ್ಳೆಯ ಊಟ, ಪಾಠ ಹೇಳಲು ದೊಡ್ಡ ದೊಡ್ಡ ಕೋಚುಗಳು, ಎಲ್ಲ ಇತ್ತು. ಆದರೆ ಅಲ್ಲಿ ಆಗಲೇ ಇಬ್ಬರು ಕೀಪರುಗಳಿದ್ದರು, ಇವಳು ಮೂರನೆಯವಳು. ಎರಡನೆಯದು ಯಾರ್ಡಿನ ಸ್ವಂತ ಮಹಿಳಾ ತಂಡ. ಮೊದಲ ದಿನದಿಂದಲೇ ಗೋಲಿನಲ್ಲಿ ಜಾಗ, ಮುಂದೆ ಕೆಲಸದ ಭರವಸೆ, ಮನೆಯೂಟ. ಅವರ ಪಂದ್ಯಗಳೆಲ್ಲ ಊರಿನ ಅದೇ ಮಣ್ಣಿನ ಮೈದಾನದಲ್ಲಿ. ಮೂರನೆಯವಳು ಒಬ್ಬ ಕುಳ್ಳಗಿನ ಹೆಂಗಸು, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಪ್ರಯಾಣದ ದೂರದ ಗಣಿ ಊರಿನ ತಂಡದ ಕೋಚ್. ಬಣ್ಣ ಬಳಿಯದೆ ಮಾತಾಡಿದಳು. ನಮ್ಮದು ಲೀಗಿನಲ್ಲಿ ಕಟ್ಟಕಡೆಯ ತಂಡ, ಡಿಫೆನ್ಸ್ ಅನ್ನೋದು ಹೆಸರಿಗಷ್ಟೇ, ಬಂದವರೆಲ್ಲ ನಮ್ಮ ಗೋಲಿಗೆ ಹೊಡೆದು ಹೋಗುತ್ತಾರೆ ಅಂದಳು. ಮೈದಾನ ಹೇಗಿದೆ ಎಂದು ಮಾಸ್ತರು ಕೇಳಿದ್ದಕ್ಕೆ, ಟರ್ಫ್ ಪರವಾಗಿಲ್ಲ, ಜಾಗವೇ ಇಕ್ಕಟ್ಟು, ಗೋಲಿನ ಹಿಂದೆಯೇ ಗಣಿಯ ಕಲ್ಲುಮಣ್ಣಿನ ಗುಡ್ಡ, ಅಲ್ಲಿ ಕಾಲಿಡಲೂ ಆಗುವುದಿಲ್ಲ ಅಂದಳು. ಆ ಮಾತು ಸಿಗ್ನಲಪ್ಪನ ಕಿವಿಯಲ್ಲಿ ಉಳಿದುಬಿಟ್ಟಿತು.

ಮೂವರಿಗೂ ಭಾನುವಾರದೊಳಗೆ ತಿಳಿಸಬೇಕಿತ್ತು. ಹುಡುಗಿಯನ್ನು ಕೇಳಿದರೆ ಒಂದೇ ಉತ್ತರ: ಅಪ್ಪ ಹೇಳಿದ ಕಡೆ ಹೋಗ್ತೀನಿ. ಎಂಥ ಒಳ್ಳೆಯ ಮಗಳು ಎಂದು ನೆರೆಹೊರೆಯವರು ಹೊಗಳಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಸಿಗ್ನಲಪ್ಪ ಬೇರೆ ಮಾತು ತೆಗೆಯುತ್ತಿದ್ದ.

ಆ ವಾರವೆಲ್ಲ ಅವನು ತನ್ನೊಳಗೇ ವಾದ ಹೂಡಿದ. ತಾನು ಕಂಡ ವಾಲನ್ನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಏನು ಗಂಟು ಹೋಗುತ್ತದೆ? ಯಾರ್ಡಿನ ತಂಡಕ್ಕೆ ಸೇರಿಸಿದರೆ ಆಯಿತು, ಡಬ್ಬ ಅಲ್ಲೇ ಇದೆ, ತಾನೂ ಇದ್ದೇನೆ, ಮಗಳು ಇಡೀ ಜಿಲ್ಲೆಗೆ ಗೋಡೆಯಾಗಿಯೇ ಇರುತ್ತಾಳೆ. ಹೀಗೆ ಅಂದುಕೊಂಡಾಗ ಜೀವಕ್ಕೆ ಹಾಯೆನಿಸುತ್ತಿತ್ತು. ಮರುಕ್ಷಣವೇ ಇನ್ನೊಂದು ಯೋಚನೆ ಬಂದು ಕುಟುಕುತ್ತಿತ್ತು: ಜಿಲ್ಲೆ ದಾಟಿದ ಮೇಲೆ? ತನ್ನ ಗಂಟಲು ಬಿದ್ದುಹೋದ ಮೇಲೆ? ಅಥವಾ ತಾನು ಕಂಡದ್ದೇ ಸುಳ್ಳಿರಬಹುದು. ದೂರದ ಗ್ಯಾಲರಿ, ಕಣ್ಣಿಗೆ ಬಿಸಿಲು, ಹೆದರಿದ ಮನಸ್ಸು. ಒಂದು ಸಲ ಖಾತ್ರಿ ಮಾಡಿಕೊಂಡುಬಿಡೋಣ ಎಂದು ತೀರ್ಮಾನಿಸಿದ.

ಶುಕ್ರವಾರ ಸಂಜೆ ಮೈದಾನದಲ್ಲಿ ಅಭ್ಯಾಸ. ಕ್ಲಬ್ಬಿನ ಸೆಂಟರ್ ಫಾರ್ವರ್ಡ್, ಮಿಡತೆ ಎಂದು ಕರೆಸಿಕೊಳ್ಳುವ ಉದ್ದಕಾಲಿನ ಹುಡುಗಿ, ಗೋಲಿಗೆ ಒಂದೊಂದೇ ಬಾಲು ಹೊಡೆಯುತ್ತಿದ್ದಳು. ಸಿಗ್ನಲಪ್ಪ ಡಬ್ಬದ ಮೇಲೆ ಕೂತು ಎಂದಿನ ಹಾಗೆ ಹೇಳುತ್ತ ಹೋದ. ಎಡ, ಬಲ, ನಿಲ್ಲು. ಮಗಳು ಒಂದನ್ನೂ ಬಿಡಲಿಲ್ಲ. ಮಿಡತೆಗೆ ರೇಗಿಹೋಗಿ ಮೈಯಲ್ಲಿರುವ ಬಲವನ್ನೆಲ್ಲ ಹಾಕತೊಡಗಿದಳು. ಆಮೇಲೆ ಒಂದು ಬಾಲಿಗೆ ಅವಳ ಭುಜ ಮಗಳ ಎಡಗಡೆಗೆ ತಿರುಗಿತು. ಎಷ್ಟು ಸ್ಪಷ್ಟವಾಗಿ ತಿರುಗಿತೆಂದರೆ ಬೇಲಿಯಾಚೆ ಹೋಗುತ್ತಿದ್ದ ಹಾಲಿನವನಿಗೂ ಗೊತ್ತಾಗಿರಬೇಕು. ಇಪ್ಪತ್ತು ವರ್ಷದ ಕೆಲಸದಲ್ಲಿ ಸಿಗ್ನಲಪ್ಪ ಬೇಕೆಂದೇ ತಪ್ಪು ಸಿಗ್ನಲ್ ಕೊಟ್ಟವನಲ್ಲ.

"ಬಲ" ಅಂದ.

ಮಗಳು ಬಲಕ್ಕೆ ಹಾರಿದಳು. ಬಾಲು ಎಡಗಡೆಯಿಂದ, ಯಾರೂ ಕಾವಲಿಲ್ಲದ ಜಾಗದಿಂದ ಒಳಗೆ ಬಂದು ಬಲೆಗೆ ಬಡಿದು ಅವನ ಕಾಲ ಬುಡದಲ್ಲೇ ನಿಂತಿತು.

ಮಿಡತೆ ಕೈ ಎತ್ತಿ ಕುಣಿದಳು. ಮಗಳು ಮಂಡಿಯೂರಿ ಎದ್ದು, ಪ್ಯಾಡಿನ ಮಣ್ಣು ಕೊಡವಿಕೊಂಡು ತಿರುಗಿದಳು. ಅವಳು ಬೈಯಲಿ, ಯಾಕಪ್ಪ ನಿಮಗೆ ಕಣ್ಣು ಕಾಣಲ್ವಾ ಅನ್ನಲಿ ಎಂದು ಸಿಗ್ನಲಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ಅವಳು ಬಾಲು ತೆಗೆದುಕೊಳ್ಳಲು ಬಂದಳು, ಅಷ್ಟೇ. ಬಲೆಯ ಹತ್ತಿರ ಬಂದು ಅವನೇ ಕೇಳಬೇಕಾಯಿತು.

"ಬಾಲು ಎಡಕ್ಕೆ ಬರೋದು ನಿಂಗೆ ಕಾಣ್ಲಿಲ್ವಾ?"

"ಕಾಣ್ತು."

"ಮತ್ಯಾಕೆ ಬಲಕ್ಕೆ ಹೋದೆ?"

ಹೆಲ್ಮೆಟ್ಟಿನ ಕಂಬಿಗಳ ಹಿಂದೆ ಅವಳ ಕಣ್ಣುಗಳು ಅಗಲವಾಗಿದ್ದವು. ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ ನೋಡಿದಳು.

"ನೀವು ಹೇಳಿದ್ರಲ್ಲ ಅಪ್ಪ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅನುಮಾನದ ಲವಲೇಶವೂ ಇರಲಿಲ್ಲ. ಸಿಗ್ನಲಪ್ಪನಿಗೆ ತಡೆದುಕೊಳ್ಳಲಾಗದ್ದು ಅದೇ. ಬೇಕಂತಲೇ ತಪ್ಪು ಹೇಳಿದೆ ಕಣಮ್ಮ, ನೀನೇನು ಮಾಡ್ತೀಯ ನೋಡೋಣ ಅಂತ, ಎಂದು ಹೇಗೋ ಹೇಳಿ ಮುಗಿಸಿದ. ಹುಡುಗಿ ಸ್ವಲ್ಪ ಹೊತ್ತು ಬಾಲನ್ನು ಸ್ಟಿಕ್ಕಿನ ತುದಿಯಿಂದ ಹಿಂದೆ ಮುಂದೆ ಉರುಳಿಸುತ್ತ ನಿಂತಳು. ದಿನವೂ ಅವಳ ಪ್ಯಾಡಿನ ಚೀಲದ ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ಹಿಡಿ ಅವನ ಕೈಯಲ್ಲಿ, ಇಬ್ಬರೂ ಹರಟುತ್ತ ಮನೆಗೆ ಬರುತ್ತಿದ್ದರು. ಅವತ್ತು ಆ ಮಣಭಾರದ ಚೀಲವನ್ನು ಅವಳು ಒಬ್ಬಳೇ ಬೆನ್ನಿಗೆ ಹಾಕಿಕೊಂಡು ಮುಂದೆ ಮುಂದೆ ನಡೆದಳು. ಅವನು ಬರಿಗೈಯಲ್ಲಿ ಹಿಂದೆ ಬಂದ.

ಭಾನುವಾರ ಅಡುಗೆಮನೆಯಲ್ಲೇ ಸಭೆ ಕೂಡಿತು. ಆ ಮನೆಯಲ್ಲಿ ಐದು ಜನ ಕೂರುವಷ್ಟು ಜಾಗ ಇದ್ದದ್ದು ಅಲ್ಲಿ ಮಾತ್ರ. ಸಿಗ್ನಲಪ್ಪನ ಅಕ್ಕ, ಬ್ಯಾಂಕಿನ ಗುಮಾಸ್ತೆ, ಒಂದು ಚೀಲ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದಿದ್ದಳು. ಬಂದವಳೇ ಅಕಾಡೆಮಿಯ ಪರ ವಕಾಲತ್ತು ಶುರುಮಾಡಿದಳು. ಅಲ್ಲಿ ಕಲಿತವರು ಎಲ್ಲೆಲ್ಲಿಗೋ ಹೋಗಿದ್ದಾರೆ, ಹೆಸರಿಗೇ ಒಂದು ಬೆಲೆಯಿದೆ, ಮೂರನೆಯವಳಾದರೇನು, ಇಬ್ಬರ ಕಾಲಿಗೆ ಪೆಟ್ಟಾಗಲು ಎಷ್ಟು ಹೊತ್ತು? ಸಭೆಗೆ ಬಂದಿದ್ದ ಮಾಸ್ತರಿಗೆ ಅದು ಸರಿಬರಲಿಲ್ಲ. ಮೂರನೆಯ ಕೀಪರ್ ಅಂದರೆ ನೀರಿನ ಬಾಟಲಿ ಕಾಯುವ ಉದ್ಯೋಗ, ಎರಡು ವರ್ಷ ಬೆಂಚು ಸವೆಸಿದರೆ ಇದ್ದದ್ದೂ ಮರೆತುಹೋಗುತ್ತದೆ, ಯಾರ್ಡಿನ ತಂಡವೇ ವಾಸಿ ಅಂದರು. ತಾಯಿಯೂ ಯಾರ್ಡಿನ ಕಡೆಗೇ ಇದ್ದಳು. ಮಗಳು ಹರಿದುಕೊಂಡು ಬರುವ ಪ್ಯಾಡುಗಳನ್ನು ಅಲ್ಲಿ ಯಾರು ಹೊಲಿದುಕೊಡುತ್ತಾರೆ ಎಂದು ಒಂದು ಪ್ರಶ್ನೆ ಹಾಕಿ, ಉತ್ತರಕ್ಕೆ ಕಾಯದೆ ಮುಖ ತಿರುಗಿಸಿ ಪಾತ್ರೆ ಉಜ್ಜತೊಡಗಿದಳು. ಗಣಿ ಊರಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುವಂಥದ್ದು ಅದರಲ್ಲಿ ಏನಿದೆ, ಹೇಳಿ.

ಕೊನೆಗೆ ಎಲ್ಲರೂ ಸಿಗ್ನಲಪ್ಪನ ಕಡೆ ತಿರುಗಿದರು. ಅವನು ಎರಡು ದಿನದಿಂದ ಮಾತು ಜೋಡಿಸಿ ಇಟ್ಟುಕೊಂಡಿದ್ದ. ಗಣಿ ಊರಿಗೆ ಹೋಗಲಿ, ಯಾಕೆಂದರೆ ಹೀಗೆ ಹೀಗೆ. ತನ್ನಿಂದ ಏನಾಗಿದೆ ಎಂಬುದನ್ನೂ ಎಲ್ಲರೆದುರು ಹೇಳಿಬಿಡಬೇಕು ಎಂದು ಗಂಟಲು ಸರಿಮಾಡಿಕೊಂಡ. ಆಗ ಮಗಳ ಮೇಲೆ ಕಣ್ಣು ಬಿತ್ತು.

ಅವಳು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಹೆಲ್ಮೆಟ್ಟಿಲ್ಲ, ಪ್ಯಾಡಿಲ್ಲ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಕುತ್ತಿಗೆ ಇಷ್ಟೇ ಇಷ್ಟು ಬಲಕ್ಕೆ ವಾಲಿತ್ತು.

ಸಿಗ್ನಲಪ್ಪ ಜೋಡಿಸಿಟ್ಟ ಮಾತನ್ನೆಲ್ಲ ನುಂಗಿದ. ಈಗ ಗಣಿ ಊರು ಅಂದರೂ ಒಂದೇ, ಮೊನ್ನೆ ಬಲ ಅಂದದ್ದೂ ಒಂದೇ. ಸರಿಯಾದ ಕಡೆಗೇ ತೋರಿಸಿದರೂ ತೋರಿಸಿದ ಕೈ ತನ್ನದೇ ಆಗುತ್ತದೆ.

"ನಾನು ಹೇಳಲ್ಲ" ಅಂದ. "ಅವಳೇ ಹೇಳ್ಲಿ."

ಅಕ್ಕ ಸುಮ್ಮನಿರುವ ಪೈಕಿಯಲ್ಲ. ಇದೇನೋ ನಿನ್ನ ಹೊಸ ವರಸೆ, ಹದಿನೇಳರ ಹುಡುಗಿಗೆ ಏನು ತಿಳಿಯುತ್ತೆ, ಅಪ್ಪ ಅನ್ನಿಸಿಕೊಂಡವನು ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಆಯಿತಾ ಎಂದು ತರಾಟೆಗೆ ತೆಗೆದುಕೊಂಡಳು. ಸಿಗ್ನಲಪ್ಪ ತಲೆ ತಗ್ಗಿಸಿ ಬೈಸಿಕೊಂಡ. ಮಗಳು ಯಾರ್ಡಿನ ತಂಡ ಅಂದುಬಿಟ್ಟರೆ? ಅಂದುಬಿಡಲಿ ಎಂದು ಅವನ ಒಳಗಿನ ಅರ್ಧ ಆಸೆಪಡುತ್ತಲೇ ಇತ್ತು. ಅದು ಅವನಿಗೇ ಗೊತ್ತಾಗಿ ನಾಚಿಕೆಯಾಯಿತು. ಮಗಳ ಮುಖ ನೋಡಿದರೆ ತನ್ನ ಕಣ್ಣೇ ಎಲ್ಲಿ ಉತ್ತರ ಹೇಳಿಕೊಡುತ್ತದೋ ಎಂದು ಹೆದರಿ, ಕಿತ್ತಳೆಯ ಚೀಲವನ್ನೇ ನೋಡುತ್ತ ಕೂತ. ಅಕ್ಕನ ಮಾತು ಮುಗಿಯಿತು. ತಾಯಿಯ ಕೈಯ ಪಾತ್ರೆಯ ಸದ್ದೂ ನಿಂತಿತು. ಹುಡುಗಿ ಕಾದಳು. ಎಷ್ಟು ಕಾದರೂ ಹಿಂದಿನಿಂದ ದನಿ ಬರಲಿಲ್ಲ.

"ಗಣಿ ಊರಿಗೆ ಹೋಗ್ತೀನಿ" ಅಂದಳು.

ಅಕ್ಕ ಹೌಹಾರಿದಳು. ಎಲ್ಲರ ಕೈಯಲ್ಲೂ ಸೋಲುವ ತಂಡವಂತಲ್ಲೇ, ಅಲ್ಲಿ ಹೋಗಿ ಏನು ಉದ್ಧಾರವಾಗ್ತೀಯ ಎಂದು ಕೇಳಿದಳು.

"ಅದಕ್ಕೇ ಅತ್ತೆ. ಗೆಲ್ಲೋ ತಂಡದಲ್ಲಿ ಕೀಪರ್ ಹತ್ರ ಬಾಲೇ ಬರಲ್ಲ. ಅಲ್ಲಿ ದಿನಾ ಬರತ್ತೆ." ಅಷ್ಟು ಹೇಳಿ, ನೆಟ್ಟಗೆ ಕೂತು ಅಪ್ಪನ ಕಡೆ ತಿರುಗಿದಳು. ಮುಂದಿನದನ್ನು ಮೆಲ್ಲಗೆ ಹೇಳಿದಳು. "ಮತ್ತೆ... ಅಲ್ಲಿ ಗೋಲ್ ಹಿಂದೆ ಯಾರೂ ನಿಲ್ಲೋಕಾಗಲ್ಲ."

ಉಳಿದವರಿಗೆ ಅದು ಅರ್ಥವಾಗಲಿಲ್ಲ. ಮೈದಾನದ ಇಕ್ಕಟ್ಟಿನ ಮಾತಾಡುತ್ತಿದ್ದಾಳೆ ಅಂದುಕೊಂಡರು. ಸಿಗ್ನಲಪ್ಪ ಆಸೆಪಟ್ಟು ಕಾದಿದ್ದದ್ದು ಇದೇ ಮಾತಿಗೆ. ಬಂದಾಗ ಮಾತ್ರ ಕೆನ್ನೆಗೆ ಬಾರಿಸಿದ ಹಾಗೆ ಉರಿಯಿತು. ಇಷ್ಟು ವರ್ಷದ ಸಂಜೆಗಳು, ಆ ಡಬ್ಬ, ಒಟ್ಟಿಗೆ ಚೀಲ ಹಿಡಿದು ನಡೆದ ದಾರಿ, ಎಲ್ಲವನ್ನೂ ಮಗಳು ಒಂದೇ ವಾಕ್ಯದಲ್ಲಿ ಪಕ್ಕಕ್ಕೆ ಸರಿಸಿದ್ದಳು. ಸಂತೋಷವೂ ಆಯಿತು, ಆದರೆ ನೋವೇ ಮೊದಲು ಬಂತು. ಆಗಲಿ ಕಣಮ್ಮ ಎಂದು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ.

ಹೊರಡುವ ದಿನ ಸ್ಟೇಷನ್ನಿನಲ್ಲಿ ಅವನು ಎರಡೂ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ನಿಂತಿದ್ದ. ತಾಯಿ ಹೊಸ ದಾರದುಂಡೆ, ದಪ್ಪ ಸೂಜಿ ಚೀಲಕ್ಕೆ ಹಾಕಿ, ಪ್ಯಾಡು ಹರಿದರೆ ಹೇಗೆ ಹೊಲಿಯಬೇಕೆಂದು ಮೂರನೆಯ ಸಲ ಹೇಳಿಕೊಡುತ್ತಿದ್ದಳು. ರೈಲು ಕದಲಿದಾಗ ಸಿಗ್ನಲಪ್ಪನ ಬಲಗೈ ತಾನಾಗಿಯೇ ಹೊರಗೆ ಬಂದು ಅಂಗೈ ಅಗಲಿಸಿ ನಿಂತುಬಿಟ್ಟಿತು. ಯಾರ್ಡಿನಲ್ಲಿ ಅದರ ಅರ್ಥ ನಿಲ್ಲಿಸು. ಕಿಟಕಿಯಲ್ಲಿದ್ದ ಮಗಳು ಅದನ್ನು ನೋಡಿದಳು. ಅವನು ಗಡಿಬಿಡಿಯಲ್ಲಿ ಆ ಕೈಯನ್ನೇ ಆಕಡೆ ಈಕಡೆ ಬೀಸಿ, ಹೋಗಿ ಬಾ ಅನ್ನುವ ಹಾಗೆ ಮಾಡಿದ.

ಮಗಳಿಲ್ಲದ ಮೈದಾನದ ಕಡೆ ಅವನ ಕಾಲು ಹೋಗಲಿಲ್ಲ. ಡಬ್ಬವನ್ನು ಮಾಸ್ತರು ಮನೆಗೆ ಕಳಿಸಿಕೊಟ್ಟರು. ಹೆಂಡತಿ ಅದನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟು ಚಿಂದಿ ಬಟ್ಟೆ ತುಂಬಿಸಿದಳು. ಯಾರ್ಡಿನಲ್ಲಿ ಸನ್ನೆ ಕೊಡುವಾಗ ಅವನು ಮೊದಲಿಗಿಂತ ಮಂಕಾದ. ಏನಯ್ಯಾ, ಮೇಲೆತ್ತಲೋ ಇಳಿಸಲೋ, ನೀನು ಸಿಗ್ನಲ್ ಕೊಡೋದರೊಳಗೆ ನಂಗೆ ನಿವೃತ್ತಿ ವಯಸ್ಸಾಗತ್ತೆ ಎಂದು ಕ್ರೇನಿನವನು ಮೇಲಿನಿಂದ ರೇಗಿಸಿದ.

ಗಣಿ ಊರಿನ ಮೊದಲ ಪಂದ್ಯದ ದಿನ ಸಂಜೆ ಮಗಳ ಫೋನು ಬಂತು. ದನಿ ಸಣ್ಣಗಾಗಿತ್ತು. ಅಪ್ಪ, ಏಳು ಗೋಲು ಬಿತ್ತು, ಅಂದಳು. ಅಳುತ್ತಿದ್ದಳೋ ಸುಸ್ತಾಗಿದ್ದಳೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಒಂದೊಂದನ್ನೇ ಬಿಡಿಸಿ ಹೇಳತೊಡಗಿದಳು. ಕೊನೆಯದು ಪೆನಾಲ್ಟಿ ಸ್ಟ್ರೋಕ್. ಹೊಡೆಯುವವಳೂ ಕೀಪರೂ ಮಾತ್ರ ಎದುರುಬದುರು, ನಡುವೆ ಯಾರೂ ಇಲ್ಲ. ಹೊಡೆಯುವವಳ ಭುಜ ಹೀಗಿತ್ತು, ಕಾಲು ಹೀಗಿತ್ತು ಎಂದೆಲ್ಲ ವಿವರಿಸಿ ಕೇಳಿದಳು.

"ನಾನು ಯಾವ ಕಡೆ ಹೋಗ್ಬೇಕಿತ್ತು ಹೇಳಿ?"

ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಹೇಳಿದ ಭುಜ, ಹೇಳಿದ ಕಾಲು, ಎಲ್ಲ ಕಣ್ಣಿಗೆ ಕಟ್ಟಿತ್ತು. ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಾನಲ್ಲಿರಲಿಲ್ಲವಲ್ಲ ಮಗಳೇ" ಅಂದ. "ನೀನು ಯಾವ ಕಡೆ ಹೋದೆ?"

"ಎಡಕ್ಕೆ. ತಪ್ಪಾಯ್ತು, ಬಾಲು ಬಲಕ್ಕೆ ಬಂತು." ಆ ತುದಿಯಲ್ಲಿ ಅವಳು ಮೂಗು ಏರಿಸಿಕೊಂಡದ್ದು ಕೇಳಿಸಿತು. "ಆದ್ರೆ ಅಪ್ಪ, ನಾನು ಕಾಯ್ಲಿಲ್ಲ. ಅವಳು ಹೊಡೆದ ತಕ್ಷಣ ಹೋದೆ."

ಸಿಗ್ನಲಪ್ಪ ಹೂಂ ಅಂದ, ಇನ್ನೊಮ್ಮೆ ಹೂಂ ಅಂದ. ಊಟ ಮಾಡು, ಬೇಗ ಮಲಗು, ಅಂದ. ಫೋನು ಇಟ್ಟ ಮೇಲೂ ಕೂತಲ್ಲೇ ಕೂತಿದ್ದ.

ಹೊಲಿಗೆ ಯಂತ್ರದ ಮುಂದಿನಿಂದ ಹೆಂಡತಿ ತಲೆ ಎತ್ತಿದಳು. "ಏನಂತೆ?"

"ಏಳು ಗೋಲು ಹೊಡೆಸ್ಕೊಂಡ್ಲಂತೆ."

ಅವಳು ಯಂತ್ರ ನಿಲ್ಲಿಸಿ ಎದ್ದು ಬಂದಳು. ಹತ್ತಿರ ಬಂದು ಗಂಡನ ಮುಖವನ್ನು ದಿಟ್ಟಿಸಿದಳು. "ಅದಕ್ಕೆ ಅಳ್ತಿದ್ದೀರಾ? ಅಥವಾ ನಗ್ತಿದ್ದೀರಾ?"

"ನಂಗೊತ್ತಾಗ್ತಿಲ್ಲ ಕಣೇ" ಅಂದ ಸಿಗ್ನಲಪ್ಪ. "ನೀನೇ ನೋಡಿ ಹೇಳು."